ಗ್ಯಾಸ್ಟ್ರಿಕ್ ಅಂತ ಒಂದು ಕನ್ನಡ ಪದ

ಗ್ಯಾಸ್ಟ್ರಿಕ್ ಅನ್ನುವುದು ಕನ್ನಡ ಪದ ಅಂತಲೇ ನಾನು ಏಳನೇ ಕ್ಲಾಸಿನವರೆಗೆ ನಂಬಿದ್ದೆ. ನಮ್ಮ ಅಜ್ಜಿಗೆ ಇಂಗ್ಲಿಷಿನ ಎಬಿಸಿಡಿ ಗೊತ್ತಿರಲಿಲ್ಲ, ಗ್ಯಾಸ್ಟ್ರಿಕ್ ಗೊತ್ತಿತ್ತು. "ಅವನಿಗೆ ಗ್ಯಾಸ್ಟ್ರಿಕ್ ಉಂಟು" ಅಂತ ಹೇಳುವಾಗ ಅವರ ದನಿಯಲ್ಲಿ "ಅವನಿಗೆ ಬಿ.ಸಿ. ರೋಡಲ್ಲಿ ಐದು ಸೆಂಟ್ಸ್ ಜಾಗ ಉಂಟು" ಅನ್ನುವಾಗ ಇರುವಷ್ಟೇ ಖಾತ್ರಿ. ಆಮೇಲೆ ಡಿಕ್ಷನರಿ ನೋಡಿದರೆ ಅದೊಂದು ಬರೀ ವಿಶೇಷಣ ಮಾರಾಯ್ರೇ! ಹೊಟ್ಟೆಗೆ ಸಂಬಂಧಪಟ್ಟ, ಅಂತಷ್ಟೇ ಅರ್ಥ. ಹೊಟ್ಟೆಗೆ ಸಂಬಂಧಪಟ್ಟದ್ದು ಎಂತದ್ದು ಅನ್ನುವ ಪ್ರಶ್ನೆಯನ್ನು ನಾವು ಯಾರೂ ಕೇಳುವುದಿಲ್ಲ. ವಿಶೇಷಣವನ್ನೇ ನಾಮಪದ ಮಾಡಿ, ಅದಕ್ಕೆ ಒಂದು ಕಾಯಿಲೆಯ ಸ್ಥಾನ ಕೊಟ್ಟು, ಮನೆಯೊಳಗೆ ಕರೆದು ಕೂರಿಸಿದ್ದೇವೆ.

ಮೊದಲು ನಮ್ಮಲ್ಲಿ ಪದಗಳಿಗೆ ಬರ ಇರಲಿಲ್ಲ. ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ, ಅಜೀರ್ಣ, ಪಿತ್ತ, ತುಳುವಿನಲ್ಲಿ ಬಂಜಿಬೇನೆ. ಒಂದೊಂದು ಪದವೂ ಎಲ್ಲಿ, ಹೇಗೆ ಅಂತ ಸ್ವಲ್ಪವಾದರೂ ಹೇಳುತ್ತದೆ. ಹುಳಿತೇಗು ಅಂದರೆ ಗಂಟಲಿಗೆ ಹುಳಿ ಬಂದಿದೆ. ಉಬ್ಬರ ಅಂದರೆ ಉರಿ ಅಲ್ಲ, ಗಾಳಿ. ಈಗ ಎಲ್ಲಕ್ಕೂ ಒಂದೇ ಬೋರ್ಡು. (ಹೊಟ್ಟೆಯುರಿ ಅನ್ನುವ ಒಳ್ಳೇ ಪದವನ್ನಂತೂ ಪಕ್ಕದ ಮನೆಯವರು ಹೊಸ ಕಾರು ತಂದಾಗ ಬಳಸಲಿಕ್ಕೆ ತೆಗೆದಿಟ್ಟಿದ್ದೇವೆ. ನಿಜವಾಗಿ ಹೊಟ್ಟೆ ಉರಿದವನಿಗೆ ಆ ಪದ ಸಿಗುವುದಿಲ್ಲ.)

ಸಾಮಾನ್ಯವಾಗಿ ನಾನು ಇಲ್ಲಿ ಪುಸ್ತಕದ ಬಗ್ಗೆ ಬರೆಯುತ್ತೇನೆ. ಈ ಸಲ ಪುಸ್ತಕ ಇಲ್ಲ, ಪೊಟ್ಟಣ. ಮಂಗಳೂರಿನಲ್ಲಿ ಕಥಾಸಂಕಲನಕ್ಕಿಂತ ಜಾಸ್ತಿ ಜನ ಕೈಯಲ್ಲಿ ಹಿಡಿಯುವ ಮುದ್ರಿತ ಸಾಹಿತ್ಯ ಅದೇ ತಾನೆ? ಆದರೂ ಅದನ್ನು ವಿಮರ್ಶೆ ಮಾಡಿದವರನ್ನು ನಾನು ಕಂಡಿಲ್ಲ.

ಈನೋ ಪೊಟ್ಟಣದ ಹಿಂದೆ ಓದಿ. ಒಳಗೆ ಇರುವುದು ಮುಖ್ಯವಾಗಿ ಸ್ವರ್ಜಿಕ್ಷಾರ ಮತ್ತು ನಿಂಬುಕಾಮ್ಲಂ. ಹೆಸರು ಕೇಳಿದರೆ ಯಾವುದೋ ಋಷಿ ಹಿಮಾಲಯದಲ್ಲಿ ಅರೆದು ಕೊಟ್ಟ ಹಾಗೆ ಕಾಣುತ್ತದೆ. ಸ್ವರ್ಜಿಕ್ಷಾರ ಅಂದರೆ ಅಡುಗೆ ಸೋಡಾ, ನಿಂಬುಕಾಮ್ಲಂ ಅಂದರೆ ಸಿಟ್ರಿಕ್ ಆಮ್ಲ, ನಿಂಬೆಹುಳಿ. ಭಾರತದಲ್ಲಿ ಇದು ಆಯುರ್ವೇದ ಔಷಧಿ ಅಂತ ಮಾರಾಟ ಆಗುವುದರಿಂದ ಹೆಸರೂ ಸಂಸ್ಕೃತದಲ್ಲಿ. ಹುಟ್ಟಿದ್ದು ಮಾತ್ರ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ. ಅದೂ ನಮ್ಮ ಬಂದರಿನ ಹಾಗೆ ಹಡಗಿನವರು ಬಂದು ಹೋಗುವ ಊರು. ಅಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಜೇಮ್ಸ್ ಕ್ರಾಸ್ಲಿ ಈನೋ 19ನೇ ಶತಮಾನದ ನಡುವಿನಲ್ಲಿ ಈ ಪುಡಿಗೆ 'ಫ್ರೂಟ್ ಸಾಲ್ಟ್' ಅಂತ ಹೆಸರಿಟ್ಟ. ಹಣ್ಣಿನ ಉಪ್ಪು! ಅವತ್ತಿನ ಗಿರಾಕಿಗೆ ಹಣ್ಣು ಅಂದರೆ ನಂಬಿಕೆ, ಇವತ್ತಿನ ನಮಗೆ ಸಂಸ್ಕೃತ ಅಂದರೆ ನಂಬಿಕೆ. ಒಳಗಿನ ಸೋಡಾ ಎರಡೂ ಕಾಲದಲ್ಲಿ ಸೋಡಾವೇ. 1938ರಲ್ಲಿ ಬೀಚಮ್ ಕಂಪೆನಿ ಅದನ್ನು ಕೊಂಡಿತು, ಮುಂದೆ ಕೈ ಬದಲಾಗುತ್ತಾ ಹೋಯಿತು.

ಅಡುಗೆ ಸೋಡಾ ಅಂದ ಕೂಡಲೇ ನಮ್ಮೂರಿನವರಿಗೆ ನೆನಪಾಗುವುದು ಗೋಳಿಬಜೆ. ಹುಳಿ ಮೊಸರು, ಮೈದಾ, ಚಿಟಿಕೆ ಸೋಡಾ. ಮೊಸರಿನ ಹುಳಿ ಸೋಡಾಕ್ಕೆ ತಾಗಿ ಗಾಳಿ ಹುಟ್ಟಿ ಗೋಳಿಬಜೆ ಉಬ್ಬುತ್ತದೆ. ಬನ್ಸ್ ಉಬ್ಬುವುದೂ ಹಾಗೆಯೇ. ಸಂಜೆ ಹೋಟೆಲಲ್ಲಿ ಎರಡು ಪ್ಲೇಟ್ ಗೋಳಿಬಜೆ ತಿಂದು, ರಾತ್ರಿ ಅದೇ ಸೋಡಾವನ್ನು ನೀರಿಗೆ ಹಾಕಿ ಕುಡಿಯುವವರು ನಾವು. ಬೇಕಾದರೆ ಪೊಟ್ಟಣವನ್ನು ಇಡ್ಲಿ ಹಿಟ್ಟಿಗೂ ಹಾಕುತ್ತೇವೆ. ಈ ಮದ್ದಿನ ರಹಸ್ಯ ಕಂಪೆನಿಗಿಂತ ಮೊದಲು ನಮ್ಮ ಅಡುಗೆಮನೆಯವರಿಗೇ ಗೊತ್ತಾಗಿದೆ ಅಂತ ನನ್ನ ಅನುಮಾನ.

ಈಗ ಅದರ ಮುಖ್ಯ ಕಲಾಪ್ರಕಾರಕ್ಕೆ ಬರೋಣ, ಅಂದರೆ ಬುಸ್ ಅನ್ನುವ ಸದ್ದಿಗೆ. ನೀರಿಗೆ ಪುಡಿ ಬಿದ್ದದ್ದೇ ನೊರೆ ಏಳುತ್ತದೆ, ನೋಡುವವನಿಗೆ ಅರ್ಧ ರೋಗ ಅಲ್ಲೇ ಇಳಿಯುತ್ತದೆ. ಆದರೆ ಲೋಟದಲ್ಲಿ ನಡೆಯುವ ಆ ಜಗಳ ಹೊಟ್ಟೆಯ ಆಮ್ಲದ್ದಲ್ಲ. ಪೊಟ್ಟಣದೊಳಗೇ ಇದ್ದ ಹುಳಿಗೂ ಪೊಟ್ಟಣದೊಳಗೇ ಇದ್ದ ಸೋಡಾಕ್ಕೂ ಆಗುವ ಜಗಳ. ಯಕ್ಷಗಾನದಲ್ಲಿ ಎರಡು ವೇಷಗಳೂ ಒಂದೇ ಮೇಳದವು, ಹಾಗೆ. ಜಗಳ ಮುಗಿದ ಮೇಲೆ ಉಳಿಯುವ ಸಿಟ್ರೇಟು ಮತ್ತು ಸೋಡಾ ಹೊಟ್ಟೆಗೆ ಹೋಗಿ ಅಲ್ಲಿನ ಹೈಡ್ರೋಕ್ಲೋರಿಕ್ ಆಮ್ಲವನ್ನು ತಗ್ಗಿಸುತ್ತವೆ. ಅದು ನಿಜವಾದ ಕೆಲಸ, ಅದಕ್ಕೆ ಸದ್ದು ಬೇಕಾಗಿಲ್ಲ. ಜೊತೆಗೆ ಹೋದ ಗಾಳಿ ತೇಗಾಗಿ ವಾಪಸು ಬರುತ್ತದೆ. ನಾವು ಹೊರಗಿನಿಂದ ಕುಡಿದ ಗಾಳಿಯನ್ನೇ ಹೊರಗೆ ಬಿಟ್ಟು, "ಅಬ್ಬ, ಗ್ಯಾಸ್ ಹೋಯ್ತು" ಅನ್ನುತ್ತೇವೆ.

ಜಾಹೀರಾತಿನ ಆರು ಸೆಕೆಂಡಿನ ಮಾತು ಎಲ್ಲರಿಗೂ ಬಾಯಿಪಾಠ. ಅದರ ವ್ಯಾಕರಣ ನೋಡಬೇಕು. ಆರು ಸೆಕೆಂಡಿನಲ್ಲಿ ಕೆಲಸ ಶುರು ಅಂತಾರೆ, ಮುಗಿಯುತ್ತದೆ ಅಂತ ಹೇಳುವುದಿಲ್ಲ. ಶುರುವಾಗುವುದಕ್ಕೆ ನಮ್ಮಲ್ಲಿ ಫ್ಲೈಓವರಿನ ಕೆಲಸವೂ ಬೇಗ ಶುರುವಾಗುತ್ತದೆ. ಕೇಳುವವನ ಕಿವಿ ಮಾತ್ರ ಶುರು ಅನ್ನುವುದನ್ನು ವಾಸಿ ಅಂತ ಅನುವಾದ ಮಾಡಿಕೊಳ್ಳುತ್ತದೆ. ಸುಳ್ಳು ಹೇಳದೆ ನಂಬಿಸುವ ಗದ್ಯ ಇದು, ಬರೆದವರು ಜಾಣರು.

ಈ ಗದ್ಯವನ್ನು ನಾನೂ ಹಾಗೇ ಓದಿದವನು. ನಮ್ಮ ಮಾವನಿಗೆ ಆಗ ಐವತ್ತೆಂಟು. ಸಂಬಂಧಿಕರ ಮದುವೆಯ ಔತಣ ಮುಗಿಸಿ ರಾತ್ರಿ ಮನೆಗೆ ಬಂದವರು ಫ್ಯಾನಿನ ಕೆಳಗೆ ಕೂತು ಬೆವರಿದರು. ಎದೆಯ ನಡುವಿನಲ್ಲಿ ಎಂತದೋ ಒತ್ತಿದ ಹಾಗೆ ಆಗ್ತಾ ಉಂಟು ಅಂದರು. "ಎಂತ ಇಲ್ಲ ಮಾವ, ಗ್ಯಾಸ್ಟ್ರಿಕ್. ಗೀ ರೋಸ್ಟ್ ಎರಡು ಸಲ ಹಾಕಿಸಿಕೊಂಡ್ರಲ್ಲ" ಅಂತ ನಾನೇ ಹೇಳಿದೆ. ನಾನೇ ಓಡಿ ಹೋಗಿ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಯಾವುದೋ ಪುಡಿ ತಂದೆ. ಕುಡಿದರು. ಇಡೀ ಮನೆಗೆ ಕೇಳುವ ಹಾಗೆ ಒಂದು ತೇಗು ಬಂತು. ಎಲ್ಲ ನಕ್ಕೆವು. ಮಾವನೂ ನಕ್ಕು, "ಈಗ ಪರವಾಗಿಲ್ಲ" ಅಂದು ಮಲಗಿದರು. ಬೆಳಿಗ್ಗೆ ಆರು ಗಂಟೆಗೆ ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತಿನಿಂದ?" ಏಳು ಗಂಟೆ ಆಗಿತ್ತು. ಸ್ಟೆಂಟ್ ಹಾಕಿದರು, ಮಾವ ಉಳಿದರು. ಆದರೆ ಹೃದಯದ ಕೆಳಗಿನ ಗೋಡೆಯ ಒಂದಷ್ಟು ಸ್ನಾಯು ಆ ರಾತ್ರಿಯೇ ಹೋಗಿತ್ತು. ಮೊದಲು ಬೆಳಿಗ್ಗೆ ಕದ್ರಿ ಗುಡ್ಡೆ ಹತ್ತುತ್ತಿದ್ದವರು ಈಗ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾರೆ. ತಪ್ಪು ಪುಡಿಯದ್ದಲ್ಲ. ಅದು ತನ್ನ ಕೆಲಸ ಮಾಡಿದೆ, ತೇಗು ಬರಿಸಿದೆ. ರೋಗ ಯಾವುದು ಅಂತ ತೀರ್ಮಾನ ಮಾಡಿದವನು ನಾನು, ಅದನ್ನು ತೇಗಿನ ಸಾಕ್ಷಿ ಇಟ್ಟುಕೊಂಡು ಮಾಡಿದೆ.

ಆಮೇಲೆ ತಿಳಿದುಕೊಂಡೆ. ಅನ್ನನಾಳದಿಂದಲೂ ಹೃದಯದಿಂದಲೂ ನೋವಿನ ಸುದ್ದಿ ತರುವ ನರಗಳು ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ಹಾಗಾಗಿ ಮೆದುಳಿಗೂ ಪತ್ರ ಯಾವ ಮನೆಯಿಂದ ಬಂತು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಹೃದಯದ ಕೆಳಗೋಡೆಯ ಆಘಾತದಲ್ಲಿ ವಾಕರಿಕೆ, ತೇಗು ಬರುವುದೂ ಉಂಟು. ಆ್ಯಂಟಾಸಿಡ್ ಕುಡಿದು ನೋವು ಕಡಿಮೆಯಾದರೆ ಅದು ಹೃದಯದ್ದಲ್ಲ ಅಂತ ತಿಳಿಯಬಾರದು ಅನ್ನುವುದು ತುರ್ತು ಚಿಕಿತ್ಸೆಯ ವೈದ್ಯರಿಗೆ ಕಲಿಸುವ ಪಾಠ. ಭಾಷೆಗೂ ಈ ಗೊಂದಲ ಹಳೆಯದು. ನಾವು ಎದೆಯುರಿ ಅನ್ನುತ್ತೇವೆ, ಇಂಗ್ಲಿಷಿನವರು ಹಾರ್ಟ್‌ಬರ್ನ್ ಅನ್ನುತ್ತಾರೆ. ಇಬ್ಬರೂ ಹೊಟ್ಟೆಯ ಹುಳಿಗೆ ಎದೆಯ ಹೆಸರಿಟ್ಟವರೇ. ಆದರೆ ಎದೆಯುರಿ ಅನ್ನುವಲ್ಲಿ ಎದೆಯಾದರೂ ಇತ್ತು, ಹೆದರಲಿಕ್ಕೆ ಸ್ವಲ್ಪ ಜಾಗ ಇತ್ತು. ಗ್ಯಾಸ್ಟ್ರಿಕ್ ಆ ಜಾಗವನ್ನೂ ತೆಗೆಯಿತು.

ತಮಾಷೆ ಅಂದರೆ ಇದು 1848ರಿಂದ ವೆನ್ಲಾಕ್ ಆಸ್ಪತ್ರೆ ಇರುವ ಊರು. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಾಲಯ ತೆರೆದರು. 1950ರ ದಶಕದಿಂದ ಕೆಎಂಸಿ ಉಂಟು. ಹಂಪನಕಟ್ಟೆಯಿಂದ ಕಲ್ಲೆಸೆದರೆ ಒಂದು ಸ್ಪೆಷಲಿಸ್ಟ್ ಬೋರ್ಡಿಗೆ ತಾಗಬೇಕು. ಆದರೂ ನಾವು ಮೊದಲು ಹೋಗುವುದು ಮೆಡಿಕಲಿಗೆ.

ಅಲ್ಲಿ ಪುಡಿ ಮಾತ್ರ ಇಲ್ಲವಲ್ಲ. ಗುಲಾಬಿ ಬಣ್ಣದ ದ್ರವ ಉಂಟು, ಜಗಿಯುವ ಮಾತ್ರೆ ಉಂಟು. ಇವುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಜೋಡಿ. ಅಲ್ಯೂಮಿನಿಯಂ ಮಲ ಕಟ್ಟುತ್ತದೆ, ಮೆಗ್ನೀಸಿಯಂ ಸಡಿಲ ಮಾಡುತ್ತದೆ. ಅತ್ತೆ ಸೊಸೆಯನ್ನು ಒಂದೇ ಬಾಟಲಿಯಲ್ಲಿ ಹಾಕಿ ಸಮಾಧಾನ ಮಾಡಿದ್ದಾರೆ. ಗಾಳಿಗುಳ್ಳೆ ಒಡೆಯಲಿಕ್ಕೆ ಸಿಮೆಥಿಕೋನ್. ತಂಪೆನಿಸಲಿಕ್ಕೆ ಪುದೀನ ಪರಿಮಳ. ಪುದೀನ ಎಣ್ಣೆ ಅನ್ನನಾಳದ ಕೆಳಬಾಗಿಲನ್ನು ಸಡಿಲಿಸಿ ಕೆಲವರಿಗೆ ಎದೆಯುರಿ ಹೆಚ್ಚಿಸಬಹುದು ಅನ್ನುವುದು ಬೇರೆ ಮಾತು, ಬಾಯಿಗೆ ತಂಪಾಯಿತಲ್ಲ! 2023ರ ಆಗಸ್ಟಿನಲ್ಲಿ ಡೈಜೀನ್ ಜೆಲ್‌ನ ಒಂದು ಬಾಟಲಿ ಬಿಳಿ ಬಣ್ಣ, ಕಹಿ ರುಚಿ, ಘಾಟು ವಾಸನೆ ಅಂತ ದೂರು ಬಂದು, ಗೋವಾದಲ್ಲಿ ತಯಾರಾದ ಜೆಲ್ ಅನ್ನು ಕಂಪೆನಿ ವಾಪಸು ತರಿಸಿಕೊಂಡಿತು. ನಮಗೆ ಮದ್ದಿನ ಗುರುತು ಬಣ್ಣ ಮತ್ತು ಸಿಹಿಯಲ್ಲಿಯೇ ಇರುವುದು. ಆ ಸಲ ಅದೇ ಗುರುತು ಉಪಕಾರಕ್ಕೆ ಬಂತು.

ಈಗ ಇವೆಲ್ಲವನ್ನೂ ಹಿಂದೆ ಹಾಕಿದ್ದು ಪ್ಯಾಂಟೊಪ್ರಜೋಲ್. ಇದು ಆಮ್ಲವನ್ನು ತಗ್ಗಿಸುವುದಲ್ಲ, ಆಮ್ಲ ಸುರಿಸುವ ಪಂಪನ್ನೇ ನಿಲ್ಲಿಸುವುದು. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು, ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ತಿಂಗಳುಗಟ್ಟಲೆ ನುಂಗಿ ಒಮ್ಮೆಗೇ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಬರುವುದೂ ಉಂಟು. ಆಗ ರೋಗಿ "ನೋಡಿ, ಮಾತ್ರೆ ಬಿಟ್ರೆ ಆಗುದೇ ಇಲ್ಲ" ಅಂತ ಮತ್ತೆ ಶುರು ಮಾಡುತ್ತಾನೆ. ಕಾನೂನಿನ ಪ್ರಕಾರ ಇದು ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಕೇಳುವ ಕ್ರಮ ಹೇಗೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಮೆರಿಕದಲ್ಲಿ ಚೀಟಿಯಿಲ್ಲದ ಔಷಧಿಗಳಿಗೆ ವರ್ಗವಾರು ನಿಯಮ ಬರೆಯಲು ಹೊರಟಾಗ 1974ರಲ್ಲಿ ಮೊದಲು ಬರೆದದ್ದೇ ಆ್ಯಂಟಾಸಿಡ್‌ಗಳಿಗೆ. ಪೂರ್ತಿ ಪ್ರಮಾಣದಲ್ಲಿ ಎರಡು ವಾರಕ್ಕಿಂತ ಹೆಚ್ಚು ವೈದ್ಯರನ್ನು ಕೇಳದೆ ಬೇಡ ಅಂತ ಲೇಬಲಿನಲ್ಲೇ ಹೇಳಬೇಕು. ನಮ್ಮ ಔಷಧಿ ಕಾನೂನಿನಲ್ಲಿ ಹಾಗೊಂದು ಪ್ರತ್ಯೇಕ ವರ್ಗವೇ ಇಲ್ಲ. ಚೀಟಿಯ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಚೀಟಿ ಬೇಡದ್ದು, ಅಷ್ಟೇ. ಅಡುಗೆ ಸೋಡಾ ಅಂತ ಹಗುರ ಮಾಡುವ ಹಾಗೂ ಇಲ್ಲ. ಐದು ಗ್ರಾಂ ಪೊಟ್ಟಣದಲ್ಲಿ ಅರ್ಧ ಗ್ರಾಂಗಿಂತ ಜಾಸ್ತಿ ಸೋಡಿಯಂ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿ ಎರಡು ಗ್ರಾಂ. ಬಿ.ಪಿ. ಅಂತ ಉಪ್ಪಿನಕಾಯಿ ಬಿಟ್ಟವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಂತ ಅಜ್ಜಿಯ ಮದ್ದೇ ಸರಿ ಅಂತ ವಾಟ್ಸಾಪ್ ಪಂಡಿತರ ಜೊತೆ ಸೇರಲಿಕ್ಕೆ ನಾನಿಲ್ಲ. ಜೀರಿಗೆ ಕಷಾಯ, ಓಮದ ನೀರು, ತಿಮರೆ ತಂಬುಳಿ ನನಗೂ ಇಷ್ಟ. ಪಿತ್ತಕ್ಕೆ ಪುನರ್ಪುಳಿ ಅನ್ನುವ ನಂಬಿಕೆ ನಮ್ಮನೆಯಲ್ಲೂ ಉಂಟು, ಆದರೆ ಪುನರ್ಪುಳಿಯೂ ಹುಳಿಯೇ ಅನ್ನುವುದನ್ನು ಬಾಯಿ ಮರೆಯಬಾರದು. ಹೊಟ್ಟೆಹುಣ್ಣಿಗೆ ಹಾಲು ಕುಡಿಯಿರಿ ಅನ್ನುವುದು ಅಜ್ಜಿಯ ಮಾತು ಮಾತ್ರ ಅಲ್ಲ. ಷಿಕಾಗೋದ ಡಾಕ್ಟರ್ ಬರ್ಟ್ರಮ್ ಸಿಪ್ಪಿ 1915ರಲ್ಲಿ ಗಂಟೆಗೊಮ್ಮೆ ಹಾಲು, ಕ್ರೀಮು, ಕ್ಷಾರದ ಪುಡಿ ಕೊಡುವ ಪಥ್ಯವನ್ನೇ ಪ್ರಕಟಿಸಿದರು. ಜಗತ್ತು ದಶಕಗಟ್ಟಲೆ ಅದನ್ನು ಪಾಲಿಸಿತು, ಅತಿಯಾದವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಟ್ಟಿತು. ಹುಣ್ಣು ಬರುವುದು ಖಾರದಿಂದ, ಚಿಂತೆಯಿಂದ ಅಂತಲೇ ಎಲ್ಲರೂ ಹೇಳುತ್ತಿದ್ದ ಕಾಲಕ್ಕೆ, 1984ರಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಬಹಳಷ್ಟು ಹುಣ್ಣುಗಳಿಗೆ ಬೇಕಾದದ್ದು ಆಮ್ಲದ ಮಾತ್ರೆಯ ಜೊತೆ ಆ್ಯಂಟಿಬಯೋಟಿಕ್ಕು. ಗ್ಯಾಸ್ಟ್ರಿಕ್ ಅಂತ ಹತ್ತು ವರ್ಷ ಪುಡಿ ಕುಡಿದವನಿಗೆ ಇದು ಯಾರು ಹೇಳಬೇಕು?

ಒಂದು ಸಮಾಧಾನದ ಸುದ್ದಿ ಈ ಊರಿನಿಂದಲೇ ಉಂಟು. ಇಲ್ಲಿನ ಕೆಎಂಸಿಯ ಹೃದಯತಜ್ಞ ಡಾ. ಪದ್ಮನಾಭ ಕಾಮತ್ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಅಂತ ಹಳ್ಳಿಯ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಇಸಿಜಿ ಯಂತ್ರ ಕೊಡಿಸುತ್ತಾ ಬಂದಿದ್ದಾರೆ. ಅಲ್ಲಿನ ಡಾಕ್ಟರು ಇಸಿಜಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಇಲ್ಲಿಂದ ಓದಿ ಹೇಳುತ್ತಾರೆ. ಕಾಗದದ ಮೇಲೆ ಬರುವ ಆ ಅಂಕುಡೊಂಕು ಗೆರೆಯೂ ಒಂದು ಓದು, ಜಾಹೀರಾತಿಗಿಂತ ಹೆಚ್ಚು ನಂಬಬಹುದಾದ್ದು. ನಮ್ಮ ಮಾವನ ಕೇಸಿನಲ್ಲಿ ಇಸಿಜಿ ಯಂತ್ರ ಇದ್ದ ಜಾಗ ಮನೆಯಿಂದ ಎರಡು ಕಿಲೋಮೀಟರೂ ಇರಲಿಲ್ಲ.

ಮೊನ್ನೆ ಬಿಜೈಯಲ್ಲಿ ಒಂದು ಮೆಡಿಕಲಿಗೆ ಮಾವನ ಮಾತ್ರೆ ತರಲಿಕ್ಕೆ ಹೋಗಿದ್ದೆ. ಒಬ್ಬ ಹುಡುಗ ಬಂದು, "ಗ್ಯಾಸ್ಟ್ರಿಕ್‌ಗೆ ಎಂತಾದ್ರೂ ಕೊಡಿ" ಅಂದ. ಅಂಗಡಿಯವರ ಕೈ ತಿರುಗಿ ನೋಡದೆಯೇ ಹಿಂದಿನ ಶೆಲ್ಫಿಗೆ ಹೋಯಿತು. ನನಗೆ ತಡೆಯಲಿಕ್ಕಾಗಲಿಲ್ಲ. "ನೋವು ಎಲ್ಲಿ?" ಅಂತ ಕೇಳಿದೆ. ಯಾರಪ್ಪ ಇವ ಅಂತ ನೋಡಿದ. "ಬೆವರ್ತಾ ಉಂಟಾ? ಕೈ ಸೆಳೀತದಾ?"

"ಇಲ್ಲ ಅಂಕಲ್," ಅಂದ, "ನಿನ್ನೆ ಬಂಗುಡೆ ಪುಳಿಮುಂಚಿ ಸ್ವಲ್ಪ ಜಾಸ್ತಿ ಆಯ್ತು." ಹಣ ಕೊಟ್ಟು, ಮಾತ್ರೆ ಅಲ್ಲೇ ಬಾಯಿಗೆ ಹಾಕಿ, ಬೈಕ್ ಹತ್ತಿ ಹೋದ.