ಮನೋಬೀನಾ ರಾಯ್ ಮತ್ತು ‘ಹವ್ಯಾಸಿ’ ಎಂಬ ಮಾತು

ಛಾಯಾಚಿತ್ರವು ಬರಿಯ ಯಂತ್ರದ ಕೆಲಸವಲ್ಲ, ಚಿತ್ರಕಲೆಯಂತೆಯೇ ಭಾವಾಭಿವ್ಯಕ್ತಿಗೆ ಸಾಧನವಾದುದು ಎಂದು ಪ್ರತಿಪಾದಿಸಿದ ಪಂಥಕ್ಕೆ ಪಾಶ್ಚಾತ್ಯರು ‘ಪಿಕ್ಟೋರಿಯಲಿಸಂ’ ಎಂದು ಹೆಸರಿಟ್ಟರು. ಮೃದುವಾದ ಬೆಳಕು, ತೂಗಿ ಕೂಡಿಸಿದ ವಿನ್ಯಾಸ, ಮುದ್ರಣದಲ್ಲಿ ಛಾಯೆಗಳ ಎಚ್ಚರ—ಇವು ಅದರ ಲಕ್ಷಣಗಳು. ಭಾರತದಲ್ಲಿ ಈ ಮಾರ್ಗವನ್ನು ಬೆಳೆಸಿದವರಲ್ಲಿ ಬಹುಮಂದಿ ಹವ್ಯಾಸಿಗಳು. ಅವರಲ್ಲಿ ಸ್ತ್ರೀಯರು ವಿರಳ. ಆ ವಿರಳರಲ್ಲಿ ಗಣ್ಯರಾದವರು ಮನೋಬೀನಾ ರಾಯ್ (1919–2001) ಮತ್ತು ಅವರ ಅವಳಿ ಸಹೋದರಿ ದೇಬಲೀನಾ ಮಜುಂದಾರ್ (1919–2012).

ಕಾಶಿಯ ಸಮೀಪದ ರಾಮನಗರದಲ್ಲಿ ಶಿಕ್ಷಣವೇತ್ತರಾಗಿದ್ದ ತಂದೆ ಬಿನೋದ್ ಬಿಹಾರಿ ಸೇನ್ ರಾಯ್ ಮಕ್ಕಳ 12ನೆಯ ಹುಟ್ಟುಹಬ್ಬಕ್ಕೆ ಒಂದೊಂದು ಕ್ಯಾಮರಾ ಕೊಟ್ಟರು; ಕತ್ತಲೆಕೋಣೆಯ ಕೆಲಸವನ್ನು ಮನೆಯಲ್ಲಿಯೇ ಕಲಿಸಿದರು. ಮುಂದೆ ಸೋದರಿಯರು ಸಂಯುಕ್ತ ಪ್ರಾಂತದ ಅಂಚೆ ಚಿತ್ರಮಂಡಲಿಯೊಂದರ ಸದಸ್ಯರಾದರು. ಇಂತಹ ಮಂಡಲಿಗಳಲ್ಲಿ ಚಿತ್ರಗಳ ಕಟ್ಟು ಅಂಚೆಯ ಮೂಲಕ ಸದಸ್ಯರಿಂದ ಸದಸ್ಯರಿಗೆ ಸಾಗುತ್ತದೆ. ಪ್ರತಿಯೊಬ್ಬರೂ ಇತರರ ಕೃತಿಗಳ ಗುಣದೋಷಗಳನ್ನು ಬರೆದು ಮುಂದಕ್ಕೆ ಕಳುಹಿಸುತ್ತಾರೆ. ಹೊಸ್ತಿಲು ದಾಟುವುದು ಸುಲಭವಲ್ಲದ ಕಾಲದಲ್ಲಿ ವಿಮರ್ಶೆಯೇ ಹೊಸ್ತಿಲಿಗೆ ಬಂದಿತು.

ಇಲ್ಲಿ ‘ಹವ್ಯಾಸಿ’ ಎಂಬ ಮಾತನ್ನು ವಿಚಾರಿಸಬೇಕಾಗಿದೆ. ಪುರುಷನ ವಿಷಯದಲ್ಲಿ ಈ ಮಾತಿಗೆ ಹಣದ ಹಂಗಿಲ್ಲದ ಕಲಾವಿದನೆಂಬ ಗೌರವದ ಅರ್ಥವುಂಟು. ಸ್ತ್ರೀಯ ವಿಷಯದಲ್ಲಿ ಅದೇ ಮಾತು ಕಾಲಕ್ಷೇಪವೆಂಬ ಅರ್ಥಕ್ಕೆ ಇಳಿಯುತ್ತದೆ. ಚಲನಚಿತ್ರ ನಿರ್ದೇಶಕ ಬಿಮಲ್ ರಾಯ್ ಅವರ ಪತ್ನಿಯೆಂದು ಮನೋಬೀನಾ ಅವರನ್ನು ಬಲ್ಲವರು ಹಲವರು, ಕಲಾವಿದೆಯೆಂದು ಬಲ್ಲವರು ಕೆಲವರು. ಆದರೆ ಮನೆಯವರನ್ನೂ ಜವಾಹರಲಾಲ್ ನೆಹರೂ ಅವರಂತಹ ಪ್ರಸಿದ್ಧರನ್ನೂ ಅವರು ಚಿತ್ರಿಸಿದರು. 1959ರಲ್ಲಿ ಲಂಡನ್ನಿನ ಬೀದಿಯ ಜನರನ್ನೂ ಚಿತ್ರಿಸಿದರು. ಇದನ್ನು ಕಾಲಕ್ಷೇಪವೆನ್ನಲಾಗದು.

ಕಲ್ಕತ್ತೆಯಲ್ಲಿ ಜನಿಸಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ 1863ರಲ್ಲಿ, ತಮ್ಮ 48ನೆಯ ವಯಸ್ಸಿನಲ್ಲಿ, ಮಗಳು ಅಳಿಯಂದಿರಿಂದ ಕ್ಯಾಮರಾ ಪಡೆದವರು. ಕೋಳಿಮನೆಯನ್ನೇ ಚಿತ್ರಶಾಲೆಯಾಗಿಸಿಕೊಂಡು ಮನೆಗೆಲಸದವಳನ್ನೂ ಟೆನ್ನಿಸನ್ ಕವಿಯನ್ನೂ ಸಮಾನ ಶ್ರದ್ಧೆಯಿಂದ ಚಿತ್ರಿಸಿದರು. ಅವರ ಚಿತ್ರಗಳು ಅಸ್ಪಷ್ಟವೆಂದು ಸಮಕಾಲೀನರು ಆಕ್ಷೇಪಿಸಿದರು. ಮುಂದೆ ಅದೇ ಗುಣವು ಪಿಕ್ಟೋರಿಯಲಿಸ್ಟರಿಗೆ ಮೆಚ್ಚಾಯಿತು. ಮನೆಯೆಂಬುದು ಮಿತಿಯೂ ಹೌದು, ಸಾಮಗ್ರಿಯೂ ಹೌದು. ವ್ಯಕ್ತಿಯನ್ನು ಸುಂದರವಾದ ಮಾದರಿಯಾಗಿ ಕರಗಿಸಿಬಿಡುವುದು ಈ ಪಂಥದ ಸಹಜ ದೋಷ. ಅದಕ್ಕೆ ನಿವಾರಣೆ ಎದುರಿಗಿರುವವರ ನಿಕಟ ಪರಿಚಯ. ಆ ಪರಿಚಯವನ್ನು ಒದಗಿಸಿದ್ದು ಮನೆಯೇ.

ಆದರೆ ಮನೆಯಲ್ಲಿ ಹುಟ್ಟಿದ ಚಿತ್ರಗಳು ಮನೆಯ ಆಲ್ಬಮ್ಮುಗಳಲ್ಲಿಯೇ ಉಳಿಯುತ್ತವೆ. ತೆಗೆದವರ ಹೆಸರು ಬೆನ್ನಿನ ಮೇಲೆ ಇರುವುದಿಲ್ಲ. ಮೈಸೂರಿನ ಹಳೆಯ ಕೇರಿಗಳಲ್ಲಾಗಲಿ ಮೇಟಗಳ್ಳಿಯಂತಹ ಹೊರಬಡಾವಣೆಗಳಲ್ಲಾಗಲಿ ಆಲ್ಬಮ್ಮನ್ನು ತೆರೆಯುವ ವಿದ್ಯಾರ್ಥಿಯು ಚಿತ್ರದಲ್ಲಿರುವವರು ಯಾರೆಂದು ಕೇಳಿದರೆ ಸಾಲದು. ತೆಗೆದವರು ಯಾರೆಂದೂ ಕೇಳಬೇಕು. ಉತ್ತರ ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಬೇಕು.