ವಟವೃಕ್ಷದ ಸಾಕ್ಷಿಗೆ ತೆತ್ತ ಬೆಲೆ

11ನೆಯ ಶತಮಾನದ ದುರ್ಗಸಿಂಹನ ‘ಪಂಚತಂತ್ರ’ದಲ್ಲಿ ಬರುವ ವಟವೃಕ್ಷದ ಸಾಕ್ಷಿಯ ಕಥೆಯನ್ನು ವಾಚಕರಲ್ಲಿ ಹಲವರು ಶಾಲೆಯಲ್ಲಿ ಓದಿರಬಹುದು. ದುಷ್ಟಬುದ್ಧಿಯು ಗೆಳೆಯನೊಡನೆ ಹೂಳಿಟ್ಟ ಹೊನ್ನನ್ನು ತಾನೇ ಕದ್ದು, ಧರ್ಮಬುದ್ಧಿಯ ಮೇಲೆ ಅಪವಾದವನ್ನು ಹೊರಿಸಿ, ಆಲದ ಮರವೇ ತನಗೆ ಸಾಕ್ಷಿಯೆನ್ನುವನು. ತಂದೆಯನ್ನು ಪೊಟರೆಯಲ್ಲಿ ಅಡಗಿಸಿ ಸುಳ್ಳಾಡಿಸುವನು. ನಾನೂ ಬಹುಕಾಲ ಇದನ್ನು ದುಷ್ಟಬುದ್ಧಿಯ ಕಥೆಯೆಂದೇ ಪಾಠ ಹೇಳಿದೆನು. ಈಗ ನೋಡಿದರೆ ಕಥೆಯ ಮರ್ಮವು ಆ ಮುದುಕನಲ್ಲಿರುವುದು.

ಮೊದಲು ಅವನು ಮಗನನ್ನು ಗದರಿಸುವನು. ಇದು ಕುಲನಾಶದ ಮಾರ್ಗವೆನ್ನುವನು. ಆದರೆ ತನ್ನ ಒಂದು ಮಾತಿನಿಂದ ಮನೆಯವರೆಲ್ಲ ಬಹುಕಾಲ ಉಂಡು ಬಾಳಬಹುದೆಂಬ ಆಸೆಗೆ ಸೋಲುವನು. ಅವನ ಕೈಯಲ್ಲಿ ಯಾರೂ ಹೊನ್ನನ್ನು ಇಡಲಿಲ್ಲ. ಆದರೂ ಅವನು ಕೂಲಿಗೆ ನುಡಿದ ಸಾಕ್ಷಿಯೇ ಸರಿ. ಕವಿಯು ಅವನಿಗೆ ಪ್ರೇಮಮತಿಯೆಂದು ಹೆಸರಿಟ್ಟುದು ವಿನೋದಕ್ಕಲ್ಲ. ಜಯಸಿಂಹನ ಸಂಧಿವಿಗ್ರಹಿಯಾಗಿದ್ದವನು, ಲಂಚವು ಎಷ್ಟು ವೇಷಗಳಲ್ಲಿ ಬರುವುದೆಂಬುದನ್ನು ಕಂಡಿದ್ದಿರಬೇಕು.

ಸಾಕ್ಷಿಗೆ ಹಣ ಕೊಡುವುದೆಲ್ಲ ಪಾಪವಲ್ಲ. ನಮ್ಮ ಹುಲಗೂರಿನ ಕೂಲಿಕಾರನು ಕೋರ್ಟಿಗೆ ಹೋದರೆ ಅಂದಿನ ಕೂಲಿ ಹೋಯಿತು. ಸಾಕ್ಷಿಯನ್ನು ಕರೆಯಿಸುವವನು ಅವನ ಪ್ರಯಾಣಾದಿ ವೆಚ್ಚವನ್ನು ಕೋರ್ಟಿನಲ್ಲಿ ಕಟ್ಟಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ವಿಧಿಸಿರುವುದು. ಆದರೆ ಲಂಚ ಪಡೆದನೆಂದು ತೋರಿಸಿ ಸಾಕ್ಷಿಯ ನಂಬಿಕೆಯನ್ನು ಕೆಡಹಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮವು ಎದುರುಪಕ್ಷಕ್ಕೆ ಅವಕಾಶವಿತ್ತಿದೆ. ಬಂದುದಕ್ಕೆ ಕೊಟ್ಟುದು ಭತ್ಯೆ. ಇಂತೇ ನುಡಿಯೆಂದು ಕೊಟ್ಟುದು ಲಂಚ. ಪ್ರೇಮಮತಿಯ ಲಾಭವಾದರೋ ಮಗನು ಗೆದ್ದರೆ ಮಾತ್ರ.

ಕಥೆಯಲ್ಲಿ ನನಗೆ ಒಂದೇ ಅಸಮಾಧಾನ. ಮರವು ನುಡಿದಾಗ ನೆರೆದ ಸಭೆಯೆಲ್ಲ ಬೆರಗಾಗುವುದು; ಮರದ ಬಳಿ ಮನುಷ್ಯಸಂಚಾರದ ಗುರುತನ್ನು ಅರಸಿ ಕಂಡವನು ಧರ್ಮಾಧಿಕರಣರಲ್ಲಿ ಒಬ್ಬನೂ ಅಲ್ಲ, ಅಪವಾದವನ್ನು ಹೊತ್ತ ಧರ್ಮಬುದ್ಧಿಯೇ.