ಗುಂಡಿ ಒತ್ತುವ ವಿದ್ಯೆ

ದೂರದರ್ಶನದ ರಸಪ್ರಶ್ನೆಗಳ ಮಾತು ಬಂದಾಗಲೆಲ್ಲ ಹಿರಿಯರಾದ ಕೆಲವು ಮಿತ್ರರು ತುಟಿಯಂಚಿನಲ್ಲಿ ಕಿರುನಗೆಯೊಂದನ್ನು ತಂದುಕೊಂಡು, ಇದೆಲ್ಲ ಬರಿಯ ಗಿಳಿಪಾಠ, ಯಾವ ದೇಶಕ್ಕೆ ಯಾವ ರಾಜಧಾನಿ, ಯಾವ ನದಿಗೆ ಯಾವ ಉಗಮವೆಂದು ಉರು ಹೊಡೆದವನಿಗೆ ಬಹುಮಾನ ಕೊಡುವುದಾದರೆ ಪಂಚಾಂಗಕ್ಕೇ ಏಕೆ ಹಾರ ಹಾಕಬಾರದು ಎಂದು ಕೇಳುವುದುಂಟು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಆಕ್ಷೇಪಿಸುವವರು ಉತ್ತರಗಳನ್ನು ಕೇಳಿಸಿಕೊಂಡಿದ್ದಾರೆಯೇ ಹೊರತು ಉತ್ತರ ಕೊಡುವವನನ್ನು ಕಣ್ಣಿಟ್ಟು ನೋಡಿಲ್ಲವೆಂದು ನನ್ನ ಅಭಿಪ್ರಾಯ. ಬಹುಶ್ರುತತ್ವವೆಂಬುದು ಆ ವೇದಿಕೆಯನ್ನು ಹತ್ತುವುದಕ್ಕೆ ಬೇಕಾದ ಅರ್ಹತೆ. ಹತ್ತಿ ನಿಂತ ಮೇಲೆ ಪರೀಕ್ಷೆಗೆ ಒಳಗಾಗತಕ್ಕದ್ದು ಬೇರೊಂದು ಗುಣ. ತನಗೆ ಏನು ಗೊತ್ತು, ಎಷ್ಟು ಗೊತ್ತು, ತನ್ನ ತಿಳಿವಳಿಕೆಯ ಎಲ್ಲೆ ಎಲ್ಲಿಗೆ ಮುಗಿಯಿತು ಎಂಬುದನ್ನು ಕ್ಷಣಾರ್ಧದಲ್ಲಿ ತೂಗಿ ನೋಡಿ, ಆ ತೂಕವನ್ನು ನಂಬಿ ಹಣವನ್ನೂ ಮಾನವನ್ನೂ ಪಣಕ್ಕೊಡ್ಡುವ ವಿವೇಕವೇ ಆ ಗುಣ.

ಪ್ರೇಕ್ಷಕರು ನೋಡಬಯಸುವುದೂ ಇದನ್ನೇ ಎಂಬುದಕ್ಕೆ ಬಲವಾದ ಸಾಕ್ಷ್ಯವು, ವಿಚಿತ್ರವೆಂದರೆ, ಒಂದು ವಂಚನೆಯ ಕಥೆಯಲ್ಲಿ ದೊರೆಯುತ್ತದೆ. 1956ರಲ್ಲಿ ಅಮೆರಿಕದ ‘ಟ್ವೆಂಟಿ ಒನ್’ ಎಂಬ ಕಾರ್ಯಕ್ರಮದಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ತರುಣ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರೆನ್ ವಾರವಾರವೂ ಗೆದ್ದು ದೇಶದ ಕಣ್ಮಣಿಯಾದನು. ಅವನಿಗೆ ದಾರಿ ಬಿಡುವುದಕ್ಕಾಗಿ ಹರ್ಬರ್ಟ್ ಸ್ಟೆಂಪೆಲ್ ಎಂಬವನು, ತಾನು ನೋಡಿ ಮೆಚ್ಚಿದ್ದ ‘ಮಾರ್ಟಿ’ ಚಿತ್ರಕ್ಕೇ 1955ರ ಅತ್ಯುತ್ತಮ ಚಿತ್ರದ ಆಸ್ಕರ್ ಬಂದುದೆಂದು ಚೆನ್ನಾಗಿ ಬಲ್ಲವನಾಗಿದ್ದರೂ, ನಿರ್ಮಾಪಕರ ಅಪ್ಪಣೆಗೆ ತಲೆಬಾಗಿ ‘ಆನ್ ದ ವಾಟರ್‌ಫ್ರಂಟ್’ ಎಂದು ತಪ್ಪು ಹೇಳಿ ಸೋಲಬೇಕಾಯಿತು. ವ್ಯಾನ್ ಡೋರೆನ್ನನಿಗೆ ಉತ್ತರಗಳನ್ನು ಮುಂಚಿತವಾಗಿಯೇ ಒದಗಿಸಲಾಗುತ್ತಿತ್ತೆಂಬುದನ್ನು ಅವನೇ 1959ರಲ್ಲಿ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡನು. ಇದರಲ್ಲಿ ನನ್ನ ಗಮನವನ್ನು ಸೆಳೆಯುವುದು ಉತ್ತರದ ಕಳವಲ್ಲ. ಉತ್ತರವು ಜೇಬಿನಲ್ಲಿರುವಾಗಲೂ ತಡವರಿಸುವುದು ಹೇಗೆ, ಹಣೆಯ ಬೆವರನ್ನು ಒರಸಿಕೊಳ್ಳುವುದು ಯಾವಾಗ, ಒಂದು ಭಾಗವನ್ನು ಬಿಟ್ಟು ಮತ್ತೊಂದಕ್ಕೆ ಹೋಗಿ ಮರಳಿ ಬರುವುದು ಹೇಗೆ ಎಂಬುದನ್ನೆಲ್ಲ ಅವನಿಗೆ ಅಭ್ಯಾಸ ಮಾಡಿಸಿದ್ದರು. ಖೋಟಾ ನಾಣ್ಯವನ್ನು ಟಂಕಿಸುವವನು ಚಲಾವಣೆಯಲ್ಲಿರುವ ನಾಣ್ಯವನ್ನೇ ಅನುಕರಿಸುತ್ತಾನಷ್ಟೆ; ಜನರು ಮರುಳಾದದ್ದು ತನ್ನ ಮನಸ್ಸಿನ ಮೂಲೆಗಳನ್ನು ತಾನೇ ತಡಕುತ್ತಿರುವ ಮನುಷ್ಯನ ಮುಖಕ್ಕೆ ಎಂಬುದನ್ನು ಆ ನಿರ್ಮಾಪಕರು ಚೆನ್ನಾಗಿ ಅರಿತಿದ್ದರು.

ಈ ಹಗರಣದ ಕೆಸರಿನಿಂದಲೇ ‘ಜೆಪರ್ಡಿ’ ಹುಟ್ಟಿತು. ರಸಪ್ರಶ್ನೆಯ ಹೆಸರೆತ್ತಿದರೆ ವಾಹಿನಿಗಳು ಹಿಂಜರಿಯುತ್ತಿದ್ದ ಕಾಲದಲ್ಲಿ, ಹೊಸದೊಂದು ಆಟಕ್ಕಾಗಿ ಚಿಂತಿಸುತ್ತಿದ್ದ ಮರ್ವ್ ಗ್ರಿಫಿನ್‌ಗೆ ಅವನ ಪತ್ನಿ ಜೂಲ್ಯಾನ್, ಸ್ಪರ್ಧಿಗಳಿಗೆ ಉತ್ತರ ಕೊಟ್ಟರೆಂಬುದೇ ಅಪವಾದವಾದರೆ ಉತ್ತರವನ್ನು ಎಲ್ಲರೆದುರಿಗೇ ಕೊಟ್ಟು ಪ್ರಶ್ನೆಯನ್ನು ಅವರಿಂದ ಕೇಳಿಸಬಾರದೇಕೆ ಎಂಬ ಉಪಾಯವನ್ನು ಸೂಚಿಸಿದಳು. 1964ರಲ್ಲಿ ಆರಂಭವಾಗಿ, 1984ರಿಂದ ಅಲೆಕ್ಸ್ ಟ್ರೆಬೆಕ್ ಎಂಬ ಸುಸಂಸ್ಕೃತ ನಿರೂಪಕನ ಕೈಯಲ್ಲಿ ಪುನರ್ಜನ್ಮ ಪಡೆದು, ಇಂದಿಗೂ ನಡೆಯುತ್ತಿರುವ ಈ ಆಟದಲ್ಲಿ ಮೂವರು ಸ್ಪರ್ಧಿಗಳು. ಎದುರಿಗೆ ಆರು ವಿಷಯಗಳ, ವಿಷಯಕ್ಕೆ ಐದರಂತೆ ಮೂವತ್ತು ಸೂಚನೆಗಳ ಫಲಕ. ಎರಡನೆಯ ಸುತ್ತಿನಲ್ಲಿ ಇಮ್ಮಡಿ ಬೆಲೆಯ ಇನ್ನೂ ಮೂವತ್ತು. ಕಡೆಗೆ ಒಂದೇ ಒಂದು. ಸರಿಯಾದರೆ ಬೆಲೆಯಷ್ಟು ಹಣ ಕೂಡುತ್ತದೆ, ತಪ್ಪಿದರೆ ಅಷ್ಟೇ ಹಣ ಕಳೆಯುತ್ತದೆ. ಆಟದ ಸಕಲ ನೀತಿಯೂ ಈ ಕಳೆಯುವ ನಿಯಮದಲ್ಲಿಯೇ ಅಡಗಿದೆ. ಅದಿಲ್ಲದಿದ್ದರೆ ಬಾಯಿಗೆ ಬಂದುದನ್ನು ಹೇಳುವ ಧೈರ್ಯವೂ ಒಂದು ವಿದ್ಯೆಯೆನಿಸಿಕೊಳ್ಳುತ್ತಿತ್ತು.

ಇನ್ನು ಗುಂಡಿಯ ವಿಚಾರ. ಸ್ಪರ್ಧಿಯ ಮುಷ್ಟಿಯಲ್ಲಿ, ಹೆಬ್ಬೆರಳಿನಿಂದ ಒತ್ತುವ ಗುಂಡಿಯುಳ್ಳ ಒಂದು ಚಿಕ್ಕ ಹಿಡಿ. ನಮ್ಮ ಹುಡುಗರು ಬಜರ್ ಎನ್ನುವುದು ಇದನ್ನೇ. ನಿರೂಪಕನು ಸೂಚನೆಯ ಕೊನೆಯ ಅಕ್ಷರವನ್ನು ಉಚ್ಚರಿಸಿ ಮುಗಿಸುವವರೆಗೂ ಅದು ಜಡ. ಮುಗಿಸಿದೊಡನೆಯೇ ಮೇಜಿನ ಬಳಿ ಕುಳಿತ ಸಿಬ್ಬಂದಿಯೊಬ್ಬರು ಸ್ವಿಚ್ಚನ್ನು ಒತ್ತಿ ಅದಕ್ಕೆ ಜೀವ ಕೊಡುತ್ತಾರೆ. ಮನೆಯಲ್ಲಿ ಕುಳಿತವರಿಗೆ ಕಾಣಿಸದ ದೀಪಗಳು ಫಲಕದ ಇಕ್ಕೆಲಗಳಲ್ಲಿ ಹೊತ್ತಿಕೊಳ್ಳುತ್ತವೆ. ಆ ಮುಹೂರ್ತಕ್ಕೆ ಮುಂಚಿತವಾಗಿ ಆತುರಪಟ್ಟವನ ಗುಂಡಿಗೆ ಕಾಲು ಸೆಕೆಂಡಿನ ದಿಗ್ಬಂಧನ. ಕಾಲು ಸೆಕೆಂಡು ಎಂದರೆ ಅಲ್ಪವೆನ್ನಬೇಡಿ. ಮೂವರಿಗೂ ಉತ್ತರ ತಿಳಿದಿರುವಾಗ ಅಷ್ಟರೊಳಗೆ ಸೂಚನೆಯು ಪರರ ಪಾಲಾಗಿರುತ್ತದೆ. ದೀಪವನ್ನು ಕಂಡ ಮೇಲೆ ಒತ್ತುವೆನೆಂದರೆ ಕಣ್ಣಿನಿಂದ ಬೆರಳಿಗೆ ಸಂದೇಶ ಮುಟ್ಟುವುದಕ್ಕೇ ಸೆಕೆಂಡಿನ ಐದರಲ್ಲೊಂದು ಪಾಲಾದರೂ ಬೇಕಾಗುವುದರಿಂದ, ಪಳಗಿದ ಅನೇಕರು ದೀಪದ ಹಂಗನ್ನು ತೊರೆದು, ಮೃದಂಗದವನು ಗಾಯಕನ ಉಸಿರಿನ ಏರಿಳಿತವನ್ನು ಹಿಡಿದು ಸಮಕ್ಕೆ ಸರಿಯಾಗಿ ಬಂದು ಬೀಳುವ ಹಾಗೆ, ನಿರೂಪಕನ ಧ್ವನಿಯ ಇಳಿಗತಿಯನ್ನು ಅನುಸರಿಸಿಯೇ ಒತ್ತುತ್ತಾರೆ.

ಆದರೆ ಒತ್ತುವ ಆ ಕ್ಷಣದಲ್ಲಿ ಉತ್ತರವು ನಾಲಿಗೆಯ ಮೇಲೆ ಇರುತ್ತದೆಯೆ? ಎಷ್ಟೋ ಸಲ ಇರುವುದಿಲ್ಲ. ಇರುವುದು, ಇದು ನನಗೆ ತಿಳಿದ ವಿಷಯ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂಬ ಒಂದು ಭರವಸೆ ಮಾತ್ರ. ಹೆಸರು ನೆನಪಿಗೆ ಬರುವುದಕ್ಕೆ ಮುಂಚೆಯೇ ಬಂದುಬಿಡುವ ಈ ಭರವಸೆಯನ್ನು ನಂಬಿ ಬೆರಳು ಚಲಿಸುತ್ತದೆ. ಅನಂತರ ಸಿಕ್ಕುವ ಐದು ಸೆಕೆಂಡುಗಳಲ್ಲಿ ಮನಸ್ಸು ತನ್ನ ಮಾತನ್ನು ಉಳಿಸಿಕೊಳ್ಳಬೇಕು. ಭರವಸೆಯಲ್ಲಿ ನಿಜವಾದುದೂ ಉಂಟು, ಹುಸಿಯೂ ಉಂಟು. ಕೇಳಿದ ಹೆಸರೆಂಬ ಪರಿಚಯವನ್ನು ಬಲ್ಲೆನೆಂಬ ಜ್ಞಾನವೆಂದು ಭ್ರಮಿಸುವವನು ಸೋಲುತ್ತಾನೆ. ಎರಡಕ್ಕೂ ಇರುವ ಸೂಕ್ಷ್ಮ ಭೇದವನ್ನು ತನ್ನ ಒಳಗೇ ಗುರುತಿಸಬಲ್ಲವನು ಉಳಿಯುತ್ತಾನೆ.

ಬೆರಳಿನ ಪರೀಕ್ಷೆ ಮುಗಿದ ಮೇಲೆ ಲೇಖನಿಯ ಪರೀಕ್ಷೆ. ಕೊನೆಯ ಸೂಚನೆಗೆ ಮುನ್ನ ವಿಷಯದ ಹೆಸರೊಂದನ್ನು ಮಾತ್ರ ತಿಳಿಸಿ, ಈವರೆಗಿನ ಗಳಿಕೆಯಲ್ಲಿ ಎಷ್ಟನ್ನು ಪಣವಿಡುವೆ ಎಂದು ಕೇಳುತ್ತಾರೆ. 2004ರಲ್ಲಿ ಕೆನ್ ಜೆನ್ನಿಂಗ್ಸ್ ಎಂಬ ಸಾಫ್ಟ್‌ವೇರ್ ಎಂಜಿನಿಯರು ಸತತವಾಗಿ 74 ಆಟಗಳನ್ನು ಗೆದ್ದು, 25 ಲಕ್ಷ ಡಾಲರುಗಳಿಗೂ ಮೀರಿದ ಹಣವನ್ನು ಸಂಪಾದಿಸಿ, 75ನೆಯ ಆಟದ ಕೊನೆಯ ಘಟ್ಟಕ್ಕೆ ಬಂದಾಗ ಅವನ ಲೆಕ್ಕದಲ್ಲಿದ್ದುದು 14,400 ಡಾಲರು, ಎದುರಾಳಿ ಮಹಿಳೆಯ ಲೆಕ್ಕದಲ್ಲಿ 10,000. ಆಕೆ ಇದ್ದುದೆಲ್ಲವನ್ನೂ ಒಡ್ಡಿ ಗೆದ್ದರೆ 20,000 ಆಗುವುದರಿಂದ, ಅದಕ್ಕಿಂತ ಒಂದೇ ಡಾಲರು ಮುಂದಿರಲೆಂದು ಜೆನ್ನಿಂಗ್ಸ್ 5,601ನ್ನು ಒಡ್ಡಿದನು. ಅವನು ಎಡವಿದರೆ ಅವನ ಮೂಲಧನವನ್ನು ಒಂದು ಡಾಲರಿನಿಂದ ದಾಟಿದ್ದರೆ ಸಾಕೆಂದು ಆಕೆ 4,401ನ್ನು ಒಡ್ಡಿದಳು. ಕಚೇರಿ ಕೆಲಸದ ಎಪ್ಪತ್ತು ಸಾವಿರದಷ್ಟು ಹಂಗಾಮಿ ನೌಕರರು ವರ್ಷದಲ್ಲಿ ನಾಲ್ಕೇ ತಿಂಗಳು ದುಡಿಯುವ ಸಂಸ್ಥೆ ಯಾವುದೆಂಬುದು ಸೂಚನೆಯ ತಾತ್ಪರ್ಯ. ಜೆನ್ನಿಂಗ್ಸ್ ‘ಫೆಡೆಕ್ಸ್’ ಎಂದು ಬರೆದನು. ಆಕೆ, ಆದಾಯ ತೆರಿಗೆಯ ಲೆಕ್ಕಪತ್ರ ಸಿದ್ಧಪಡಿಸುವ ‘ಎಚ್ ಅಂಡ್ ಆರ್ ಬ್ಲಾಕ್’ ಎಂದು ಬರೆದಳು. ಅವನಿಗುಳಿದುದು 8,799, ಆಕೆಗೆ 14,401. ಇಬ್ಬರ ಗಣಿತವೂ ನಿರ್ದುಷ್ಟವಾಗಿದ್ದಿತೆಂಬುದನ್ನು ರಸಿಕರಾದವರು ಗಮನಿಸಬೇಕು. ಅಂದಿನ ಆಟದಲ್ಲಿ ಅದಕ್ಕೆ ಮೊದಲು ಮೊತ್ತವನ್ನು ಸ್ಪರ್ಧಿಯೇ ನಿಗದಿಪಡಿಸುವ ಎರಡು ಸೂಚನೆಗಳಲ್ಲಿ ಕಟ್ಟಿದ್ದ ದೊಡ್ಡ ಪಣಗಳನ್ನು ಜೆನ್ನಿಂಗ್ಸ್ ಕಳೆದುಕೊಳ್ಳದೆ ಇದ್ದಿದ್ದರೆ, ಹಿಂದಿನ ಅನೇಕ ಆಟಗಳಲ್ಲಿ ಆದಂತೆ, ಕೊನೆಯ ಸೂಚನೆ ಬರುವ ಹೊತ್ತಿಗೆ ಅವನು ಯಾರ ಕೈಗೂ ಸಿಗದಷ್ಟು ಮುಂದೆ ಇರುತ್ತಿದ್ದನು.

ಇದಕ್ಕಿಂತ ಬೋಧಪ್ರದವಾದ ಪ್ರಸಂಗವು 2011ರ ಫೆಬ್ರವರಿಯಲ್ಲಿ ನಡೆಯಿತು. ಐಬಿಎಂ ಸಂಸ್ಥೆಯ ‘ವಾಟ್ಸನ್’ ಎಂಬ ಗಣಕಯಂತ್ರವು ಅದೇ ಜೆನ್ನಿಂಗ್ಸ್ ಮತ್ತು ಬ್ರ್ಯಾಡ್ ರಟರ್ ಎಂಬ ಮತ್ತೊಬ್ಬ ಮಹಾರಥಿಯ ಎದುರು ಸ್ಪರ್ಧೆಗೆ ನಿಂತಿತು. ಅಮೆರಿಕದ ನಗರಗಳೆಂಬುದು ವಿಷಯ. ಅತಿ ದೊಡ್ಡ ವಿಮಾನ ನಿಲ್ದಾಣಕ್ಕೆ ಎರಡನೆಯ ಮಹಾಯುದ್ಧದ ವೀರನೊಬ್ಬನ ಹೆಸರನ್ನೂ ಅದರ ನಂತರದ್ದಕ್ಕೆ ಆ ಯುದ್ಧದ ಒಂದು ಕದನದ ಹೆಸರನ್ನೂ ಇಟ್ಟುಕೊಂಡಿರುವ ನಗರ ಯಾವುದೆಂಬುದು ಸೂಚನೆ. ಓಹೇರ್, ಮಿಡ್ವೇ ಎಂಬೆರಡು ನಿಲ್ದಾಣಗಳ ಹೆಸರು ಕೇಳಿದವರಿಗೆಲ್ಲ ಷಿಕಾಗೋ ಎಂದು ಹೊಳೆಯತಕ್ಕ ಮಾತು. ಯಂತ್ರವು ಗಡಿಯಾಚೆಯ ಕೆನಡಾ ದೇಶದ ಟೊರಾಂಟೋ ಎಂದುಬಿಟ್ಟಿತು. ಸಭೆ ನಕ್ಕಿತು. ಆದರೆ ಉತ್ತರದ ಮುಂದೆ ಅದು ಸಾಲಾಗಿ ಪ್ರಶ್ನಚಿಹ್ನೆಗಳನ್ನು ನಿಲ್ಲಿಸಿಕೊಂಡಿತ್ತು. ಪಣವಾಗಿ ಇಟ್ಟಿದ್ದುದು ಕೇವಲ 947 ಡಾಲರು. ಭೂಗೋಳವನ್ನು ತಪ್ಪಿಯೂ ತನ್ನ ಅಜ್ಞಾನದ ಅಳತೆಯನ್ನು ಅದು ತಪ್ಪಲಿಲ್ಲ. ಒಟ್ಟು ಲೆಕ್ಕದಲ್ಲಿ 77,147 ಡಾಲರು ಗಳಿಸಿ, 24,000 ಹಾಗೂ 21,600ರಲ್ಲಿ ನಿಂತ ಇಬ್ಬರು ಮನುಷ್ಯರನ್ನು ಅದು ಸೋಲಿಸಿದ್ದಕ್ಕೆ ಅದರ ಅಪಾರವಾದ ಜ್ಞಾಪಕಶಕ್ತಿಯೂ ಗುಂಡಿಯೊತ್ತುವ ಅದರ ನಿಷ್ಪ್ರಮಾದವಾದ ಯಾಂತ್ರಿಕ ಬೆರಳೂ ಎಷ್ಟು ಕಾರಣವೋ, ಪ್ರತಿಯೊಂದು ಉತ್ತರಕ್ಕೂ ಇಷ್ಟು ನಂಬಿಕೆಗೆ ಅರ್ಹವೆಂದು ಅಂಕ ಹಾಕಿ, ಅಂಕ ಕಡಿಮೆಯಾದಲ್ಲಿ ಸುಮ್ಮನಿರುವುದನ್ನು ಅದಕ್ಕೆ ಕಲಿಸಿದ್ದುದೂ ಅಷ್ಟೇ ಕಾರಣ.

ಇತರ ಪೀಠಗಳ ಧರ್ಮವೂ ಇದಕ್ಕೆ ದೂರವಾದುದಲ್ಲ. ಬ್ರಿಟನ್ನಿನ ಬಿಬಿಸಿಯಲ್ಲಿ 1972ರಲ್ಲಿ ‘ಮಾಸ್ಟರ್‌ಮೈಂಡ್’ ಕಾರ್ಯಕ್ರಮವನ್ನು ರೂಪಿಸಿದ ಬಿಲ್ ರೈಟ್, ಯುದ್ಧಕಾಲದಲ್ಲಿ ಸೆರೆಯಾಳಾಗಿ ಜರ್ಮನರ ವಿಚಾರಣೆಯನ್ನು ಎದುರಿಸಿದ ಅನುಭವದಿಂದಲೇ ಆ ಕಪ್ಪು ಕುರ್ಚಿಯ, ಕತ್ತಲ ನಡುವಿನ ಬೆಳಕಿನ ಕಲ್ಪನೆಯನ್ನು ಪಡೆದನು. ಅಲ್ಲಿ ವೈರಿ ಗಡಿಯಾರ. ತಿಳಿಯದುದಕ್ಕೆ ಒಡನೆಯೇ ‘ಪಾಸ್’ ಎಂದರೆ ಸಮಯ ಉಳಿಯುತ್ತದೆ. ಆದರೆ ಅಂಕಗಳು ಸಮನಾದಾಗ ಪಾಸುಗಳು ಕಡಿಮೆಯಿರುವವನೇ ವಿಜಯಿ. ತಡಕಬೇಕೋ, ಊಹಿಸಬೇಕೋ, ಬಿಡಬೇಕೋ ಎಂಬುದು ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಣಯವಾಗತಕ್ಕದ್ದು. 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿ, 2000ದಲ್ಲಿ ಹಿಂದಿಗೂ, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪ್ರಸನ್ನಮುಖದೊಡನೆ ‘ಕನ್ನಡದ ಕೋಟ್ಯಧಿಪತಿ’ಯಾಗಿ ನಮ್ಮ ಮನೆಗಳಿಗೂ ಬಂದ ಆಟದಲ್ಲಿ ವೈರಿ ಆಸೆ. ಪ್ರಶ್ನೆಯನ್ನು ಓದಿದ ಮೇಲೂ, ಬೇಡ, ಗೆದ್ದಷ್ಟನ್ನು ತೆಗೆದುಕೊಂಡು ಹೊರಡುತ್ತೇನೆ ಎನ್ನುವ ಹಕ್ಕು ಅಲ್ಲಿದೆ. ಆ ಹಕ್ಕನ್ನು ಸಕಾಲದಲ್ಲಿ ಚಲಾಯಿಸಿದವನನ್ನು ಪುಕ್ಕಲನೆಂದು ಹಳಿಯುವ ಪ್ರೇಕ್ಷಕನು ಆಟವನ್ನು ಅರ್ಥಮಾಡಿಕೊಂಡಿಲ್ಲ. 2002ರಿಂದ ಚಂದನ ವಾಹಿನಿಯಲ್ಲಿ ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನವು ಕನ್ನಡ ಪುಸ್ತಕವಾದುದರಿಂದ ಲೋಭಕ್ಕೆ ಅಷ್ಟೊಂದು ಎಡೆಯಿಲ್ಲ, ಸಂಕೋಚವನ್ನು ಗೆದ್ದು ಥಟ್ಟನೆ ಬಾಯಿ ಬಿಡುವುದೇ ಅಲ್ಲಿಯ ಸಾಹಸ.

ಸ್ಪರ್ಧಿಸಬೇಕೆಂಬ ಹಂಬಲವುಳ್ಳವರು ಸಿದ್ಧತೆಯ ಬಗೆಯನ್ನು ಕೇಳುತ್ತಾರೆ. ಓದಿನ ವಿಷಯದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. 2019ರಲ್ಲಿ ‘ಜೆಪರ್ಡಿ’ಯ 32 ಆಟಗಳನ್ನು ಗೆದ್ದು, ಒಂದೇ ದಿನದಲ್ಲಿ 1,31,127 ಡಾಲರು ಬಾಚಿಕೊಂಡ ಜೇಮ್ಸ್ ಹೋಲ್ಜ್‌ಹೌವರ್ ತನ್ನ ದುರ್ಬಲ ವಿಷಯಗಳಿಗಾಗಿ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕುಳಿತು ಚಿತ್ರಗಳುಳ್ಳ ಸರಳ ಪುಸ್ತಕಗಳನ್ನು ಓದಿದವನು. ಪಂಡಿತರಿಗೆ ಮಾತ್ರ ತಿಳಿದುದನ್ನು ಯಾರೂ ಅಲ್ಲಿ ಕೇಳುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಬೆಂಗಳೂರಿನವರಿಗಂತೂ 1983ರಲ್ಲಿ ಸ್ಥಾಪಿತವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ನಿನ ಗರಡಿಯೇ ಇದೆ. ಗೊತ್ತಿಲ್ಲದ ಉತ್ತರವನ್ನೂ ಪ್ರಶ್ನೆಯೊಳಗಿನ ಸುಳಿವುಗಳಿಂದ ತರ್ಕಿಸಿ ತೆಗೆಯುವ ಅಭ್ಯಾಸ ಅಲ್ಲಿ ದೊರೆಯುತ್ತದೆ.

ಓದಿಗಿಂತ ಕಠಿಣವಾದುದು ಅಳತೆಯ ಅಭ್ಯಾಸ. ಸೋಫಾದ ಮೇಲೆ ಒರಗಿ, ಸರಿಯಾದುದನ್ನು ಮನೆಮಂದಿಗೆಲ್ಲ ಕೇಳಿಸುವಂತೆ ಕೂಗಿ, ತಪ್ಪಾದುದನ್ನು ಕೆಮ್ಮಿನಲ್ಲಿ ಮುಳುಗಿಸುವುದರಿಂದ ಬೆಳೆಯುವುದು ಅಹಂಕಾರ ಮಾತ್ರ. ಕೈಯಲ್ಲಿ ಒಂದು ನೋಟುಪುಸ್ತಕವನ್ನು ಹಿಡಿದು ಎದ್ದು ನಿಲ್ಲಿ. ಸರಿಯುತ್ತರವನ್ನು ನಿರೂಪಕನು ಹೇಳುವುದಕ್ಕೆ ಮೊದಲು ನಿಮ್ಮದನ್ನು ಬರೆದು, ಪಕ್ಕದಲ್ಲಿ ನಿಶ್ಚಯ, ಸಂಶಯ, ಊಹೆ ಎಂಬ ಮೂರರಲ್ಲೊಂದನ್ನು ಗುರುತು ಮಾಡಿ. ಹೀಗೆ ಕೆಲವು ವಾರಗಳು ಕಳೆದ ಮೇಲೆ ನಿಶ್ಚಯವೆಂದು ಬರೆದವುಗಳಲ್ಲಿ ಎಷ್ಟು ನಿಂತವು, ಊಹೆಯೆಂದು ಬರೆದವುಗಳಲ್ಲಿ ಎಷ್ಟು ಫಲಿಸಿದವು ಎಂದು ಎಣಿಸಿ ನೋಡಿ. ನಿಶ್ಚಯಗಳೇ ಮುಗ್ಗರಿಸುತ್ತಿದ್ದರೆ ಇನ್ನೊಂದು ವಿಶ್ವಕೋಶವನ್ನು ಕೊಂಡು ಪ್ರಯೋಜನವಿಲ್ಲ. ಒಂದೇ ಬೆಲೆಯ ನೂರು ಸೂಚನೆಗಳಿವೆಯೆನ್ನಿ. ನೂರಕ್ಕೂ ಗುಂಡಿಯೊತ್ತಿ ಎಪ್ಪತ್ತು ಸರಿ, ಮೂವತ್ತು ತಪ್ಪು ಹೇಳಿದವನಿಗೆ ಕಳೆದು ಉಳಿಯುವುದು ನಲವತ್ತರ ಫಲ. ಐವತ್ತಕ್ಕೆ ಮಾತ್ರ ಒತ್ತಿ ಐವತ್ತನ್ನೂ ಸರಿಯಾಗಿ ಹೇಳಿದವನಿಗೆ ಐವತ್ತರ ಫಲ. ಮೊದಲನೆಯವನು ಹೆಚ್ಚು ಬಲ್ಲವನು; ಗೆದ್ದವನು ಎರಡನೆಯವನು.